ಮೊದಲ ಸಲವೇ ಎಸೆಯಬೇಕೆಂದ ಮಾವ

ಆ ವರ್ಷ ಸೆಪ್ಟೆಂಬರಿನಲ್ಲಿ ಮಾವ ವಿಸಿಟ್ ವೀಸಾದಲ್ಲಿ ಕೊಲ್ಲಿ ನಾಡಿನ ಸನದ್‌ನಲ್ಲಿದ್ದ ನಮ್ಮ ಫ್ಲಾಟಿಗೆ ಬಂದರು. ಅತ್ತೆ ನಾದಿನಿಯ ಬಾಣಂತನಕ್ಕೆಂದು ಊರಲ್ಲೇ ಉಳಿದಿದ್ದರು. ಮಾವ ಪುತ್ತೂರು ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವರು, ಮಕ್ಕಳಿಗೆ ಕಬಡ್ಡಿ ಕಲಿಸುತ್ತಲೇ ನಿವೃತ್ತರಾದವರು. ಇಲ್ಲಿ ಹೊರಗೆ ಕಾಲಿಡಲಾಗದ ಸೆಕೆ, ಒಳಗೆ ಮಾತಿಗೆ ನಾನೊಬ್ಬಳೇ. ಅವರಿಗೆ ಬೇಗ ಬೇಸರ ಹಿಡಿಯಿತು.

ಒಂದು ಶನಿವಾರ ಸಂಜೆ ನಮ್ಮ ಏಸಿ ಕೆಟ್ಟಿತು. ಎದುರಿನ ಫ್ಲಾಟಿನಲ್ಲಿ ಒಬ್ಬರೇ ಇದ್ದ ನಡುವಯಸ್ಸಿನ ಅಮೆರಿಕನ್ ಇಂಜಿನಿಯರ್, ರಿಪೇರಿಯಾಗುವವರೆಗೆ ತಮ್ಮಲ್ಲಿ ಬಂದು ಕೂರಿ ಎಂದರು. ಮೆಕ್ಯಾನಿಕ್‌ಗೆ ಕಾಯಲು ನನ್ನ ಗಂಡ ಮನೆಯಲ್ಲೇ ನಿಂತರು. ನಾನೂ ಮಾವನೂ ಹೋದೆವು.

ಟಿವಿಯಲ್ಲಿ ಅವರು ಓದಿದ ಕಾಲೇಜಿನ ತಂಡ ಫುಟ್ಬಾಲ್ ಆಡುತ್ತಿತ್ತು. ನಮ್ಮ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಅಮೆರಿಕದ್ದು. ಅವರು ನಿಯಮ ವಿವರಿಸಿದರು, ನಾನು ಕನ್ನಡದಲ್ಲಿ ಹೇಳಿದೆ. ನಾಲ್ಕು ಅವಕಾಶದೊಳಗೆ ಹತ್ತು ಗಜ ಮುಂದೆ ಸಾಗಬೇಕು. ಚೆಂಡು ಹಿಡಿದು ಓಡಬಹುದು, ಇಲ್ಲವೇ ಮುಂದಿರುವವನಿಗೆ ಎಸೆಯಬಹುದು. ಯಾವಾಗ ಯಾವುದು ಎಂದು ಗೆರೆಯಾಚೆ ನಿಂತ ಕೋಚ್ ಹೇಳುತ್ತಾರೆ.

ಮಾವ ಕುರ್ಚಿಯ ತುದಿಗೆ ಬಂದು ನೋಡಿದರು. ಆಮೇಲೆ ತಡೆಯಲಾಗಲಿಲ್ಲ.

"ಎಂತ ಇದು? ಪ್ರತಿ ಸಲವೂ ಮೊದಲು ನಡುವಿಗೇ ಓಡಿಸುವುದಾ? ಎದುರಿನವರಿಗೆ ಗೊತ್ತಾಗುವುದಿಲ್ವಾ? ನಾನಾದ್ರೆ ಮೊದಲ ಸಲವೇ ಎಸೆಯಲಿಕ್ಕೆ ಹೇಳ್ತಿದ್ದೆ. ಹೇಳು ಅವರಿಗೆ."

ಹೇಳಿದೆ. ಅಮೆರಿಕದವರು ಟಿವಿಯ ದನಿ ತಗ್ಗಿಸಿ ನಮ್ಮ ಕಡೆ ತಿರುಗಿ ಕೂತರು. ಓಡಿ ಓಡಿ ಎದುರಾಳಿಯನ್ನು ದಣಿಸಬೇಕು, ಎಸೆದರೆ ಚೆಂಡು ಅವರ ಕೈಸೇರುವ ಭಯವಿದೆ ಎಂದರು.

"ಭಯ ಇದ್ದವ ಕಬಡ್ಡಿಯಲ್ಲಿ ರೈಡಿಗೆ ಹೋಗ್ಲಿಕ್ಕೇ ಬಾರದು" ಎಂದರು ಮಾವ.

ಏಸಿ ಸರಿಯಾಯಿತೆಂದು ಗಂಡ ಬಂದು ಕರೆದರೂ ಮಾವ ಏಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದುರುಮನೆಗೆ ಹೊರಡುವರು. ನಾನು ಗೋಳಿಬಜೆ ಕರಿದು ಒಯ್ಯುತ್ತಿದ್ದೆ. ಟೀಪಾಯಿಯ ಮೇಲೆ ಆಟ ಹೂಡಿ ವಾದಿಸುವಾಗ ಗೋಳಿಬಜೆ ನಮ್ಮ ತಂಡ, ಖರ್ಜೂರ ಎದುರಾಳಿ. ಒಮ್ಮೆ ವಾದದ ಭರದಲ್ಲಿ ಅಮೆರಿಕದವರು ನಮ್ಮವನೊಬ್ಬನನ್ನು ತಿಂದೇಬಿಟ್ಟರು. "ಈಗ ಒಬ್ಬ ಕಡಿಮೆ, ಇನ್ನು ಎಸೆಯಲೇಬೇಕು" ಎಂದರು ಮಾವ. ಆ ಮನುಷ್ಯ ಹಾಗೆ ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾವನನ್ನು ಅವರು "ಕೋಚ್" ಎಂದೇ ಕರೆಯತೊಡಗಿದರು.

ನವೆಂಬರಿನ ಕೊನೆಯ ಪಂದ್ಯದಲ್ಲಿ ತಂಡ ಸ್ವಲ್ಪವೇ ಹಿಂದಿತ್ತು, ಸಮಯ ಮುಗಿಯುತ್ತಾ ಬಂದಿತ್ತು. ಅಂದು ಮೊದಲ ಅವಕಾಶಕ್ಕೇ ಎಸೆತ! ಮಾವ ಎದ್ದು ನಿಂತರು. ಚೆಂಡು ನೇರ ಎದುರಾಳಿಯ ಕೈಗೆ ಹೋಯಿತು. ಅಲ್ಲಿಗೆ ಸೋಲು.

ಮಾವ ಮೆಲ್ಲಗೆ ಕೂತರು. "ನಾನು ಹೇಳಿದ್ದನ್ನೇ ಮಾಡಿ ಸೋತರಲ್ಲ, ಪಾಪ."

ಅಮೆರಿಕದವರು ಅವರ ಭುಜ ತಟ್ಟಿ, ಯೋಚನೆ ಸರಿಯಿತ್ತು ಕೋಚ್, ಎಸೆದ ಹುಡುಗ ಆತುರಪಟ್ಟ, ಅಷ್ಟೇ ಎಂದರು.

"ನನ್ನ ಸಮಾಧಾನಕ್ಕೆ ಹೇಳಿದ್ದಾ, ಕೇಳು."

ಕೇಳಿದೆ. ಅವರು ತಲೆ ಕೆರೆದುಕೊಂಡು, ಅರ್ಧ ಸಮಾಧಾನಕ್ಕೇ, ನಾನಾಗಿದ್ದರೆ ಓಡಿಸುತ್ತಿದ್ದೆ ಎಂದು ಒಪ್ಪಿಕೊಂಡರು. ಒಂದಕ್ಷರ ಬಿಡದೆ ಮಾವನಿಗೆ ಹೇಳಿದೆ. ಮಾವನ ಮುಖ ಅರಳಿತು. "ಹಾಗಾದ್ರೆ ಇನ್ನೂ ಒಪ್ಪಲಿಲ್ಲ ಇವರು!" ಎಂದು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಮಾವ ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ಅಮೆರಿಕದವರೇ ಕಾರು ತಂದರು. ಸ್ವಂತ ಮಗನನ್ನೂ ಎಂದೂ ತಬ್ಬದ ಮಾವ ಆ ದಿನ ಅವರಿಂದ ತಬ್ಬಿಸಿಕೊಂಡರು. ಮೊದಲು ನಾಚಿದರು, ಆಮೇಲೆ ತಾವೂ ಅವರ ಬೆನ್ನು ತಟ್ಟಿದರು.

ಮರುವರ್ಷ ಅಮೆರಿಕದವರಿಗೆ ಬೇರೆ ದೇಶಕ್ಕೆ ವರ್ಗವಾಯಿತು. ಹೋಗುವ ಮುನ್ನ ಕೋಚ್‌ಗೆಂದು ಕಾಲೇಜಿನ ಕೆಂಪು ಟೋಪಿಯೊಂದನ್ನು ಕೊಟ್ಟರು. ರಜೆಗೆ ಹೋದಾಗ ತಲುಪಿಸಿದೆ. ಈಗ ಮೀನು ಮಾರ್ಕೆಟಿಗೂ ಅದನ್ನೇ ಹಾಕಿಕೊಂಡು ಹೋಗುತ್ತಾರೆ, ಒಗೆಯಲೂ ಕೊಡುವುದಿಲ್ಲ ಎಂದು ಅತ್ತೆ ಫೋನಿನಲ್ಲಿ ದೂರುತ್ತಿದ್ದರು.