ಐದಕ್ಕ ಎಷ್ಟು?

ನಾ ಮಾಸ್ತರಕಿ ಮಾಡಿ ರಿಟೈರ್ ಆದಾವ. ಕಿತ್ತೂರು, ರಾಮದುರ್ಗ ಅಂತ ಊರೂರು ತಿರುಗಿ ಮಕ್ಕಳಿಗೆ ಮಾರ್ಕ್ಸ್ ಹಾಕಿದವಗ, ಮುಪ್ಪಿನ ಕಾಲಕ್ಕ ಬ್ಯಾರೇದವರು ಮಾರ್ಕ್ಸ್ ಹಾಕ್ತಾರ ಅಂತ ಯಾರಿಗೆ ಗೊತ್ತಿತ್ತು!

ಆಗಿದ್ದು ಇಷ್ಟ. ಮೂತ್ರದ ತ್ರಾಸ ಆಗಾಕ ಹತ್ತಿತ್ತು. ರಕ್ತ ತಪಾಸಣಿ ಮಾಡಿಸಿದ್ರ ಏನೋ ಜಾಸ್ತಿ ಬಂತು. ಬೈಲಹೊಂಗಲದ ಡಾಕ್ಟರ್ ಅಂದ್ರು: "ಮಾಸ್ತರ್ರ, ಪ್ರಾಸ್ಟೇಟ್ ಗ್ರಂಥಿ ಮ್ಯಾಲ ಸಂಶಯ ಐತಿ. ಸೂಜಿ ಚುಚ್ಚಿ ತುಣುಕು ತಗಿಯೂಕಿಂತ ಮೊದಲು ಎಂಆರ್‌ಐ ಮಾಡಸೂಣು. ಆ ಚಿತ್ರ ನೋಡಿ, ಕ್ಯಾನ್ಸರ್ ಸಂಶಯಕ್ಕ ಐದಕ್ಕ ಇಷ್ಟು ಅಂತ ಮಾರ್ಕ್ಸ್ ಕೊಡ್ತಾರ." ಕ್ಯಾನ್ಸರ್ ಅಂದಕೂಡಲೇ ಅಂಜಿದ್ನಿ. ಆದ್ರೂ ಖರೇ ಹೇಳತೇನಿ, ಅಂಜಿಕಿ ಎಷ್ಟಿತ್ತೋ ಕುತೂಹಲನೂ ಅಷ್ಟ ಇತ್ತು. ಇಷ್ಟು ವರ್ಷ ನನ್ನೊಳಗ ನಿಂಬಿಕಾಯಿಯಂಥ ಗ್ರಂಥಿ ಕುಂತೈತಿ, ಪುಣ್ಯಾತ್ಮ ಒಂದಿನಾನೂ ಹಾಜರಿ ಹೇಳಿಲ್ಲ!

ಜೋಡಿಗೆ ಬಂದಿದ್ದ ನನ್ನ ಹೆಂಡತಿಗೆ 'ಐದಕ್ಕ ಮಾರ್ಕ್ಸ್' ಅನ್ನೂದಷ್ಟ ತಲ್ಯಾಗ ಉಳೀತು. ಮನಿಗೆ ಬಂದಕೀನ ದೇವರ ಮುಂದ ಕುಂತು, "ಸವದತ್ತಿ ಯಲ್ಲವ್ವ, ಇವರಿಗೆ ಐದಕ್ಕ ಐದು ಕೊಡಸು ತಾಯಿ, ಬಂದು ಉಡಿ ತುಂಬತೇನಿ" ಅಂತ ಬೇಡಿಕೊಂಡ್ಲು. ಮಾಸ್ತರ ಅನ್ನಿಸಿಕೊಂಡ ನಾನೂ "ಹೂಂ" ಅಂದ್ನಿ.

ಬೆಳಗಾವಿಯೊಳಗ ಎಂಆರ್‌ಐ ಮಷಿನ್ ನಡಸೂ ಹುಡುಗಿ, "ಇದು ದೊಡ್ಡ ಚುಂಬಕ ಐತಿ ಅಜ್ಜಾರ, ನಡುವಿನ ಬೆಳ್ಳಿ ಉಡದಾರ ತಗೀರಿ" ಅಂದ್ಲು. ನಮ್ಮ ಕಡೆ ಗಂಡಸಿನ ಉಡದಾರ ಹರಿಯೂದು ಸತ್ತಮ್ಯಾಲ. ನನ್ನ ಹೆಂಡತಿ ಮಾರಿ ಸಣ್ಣದ ಮಾಡಿ ಅದನ್ನ ಇಸಗೊಂಡು ಸೆರಗಿಗೆ ಗಂಟ ಹಾಕಿದ್ಲು. ಒಳಗ ಮಲಗಿದ್ರ ಖಟ್ ಖಟ್ ಖಟ್! ರಾಮದುರ್ಗದ ನೇಕಾರ ಓಣ್ಯಾಗ ಬಾಡಗಿ ಇದ್ದಾಗ ಕೇಳ್ತಿದ್ದ ಮಗ್ಗದ ಸಪ್ಪಳನ. ಏನು ನೇಯಾಕ ಹತ್ತೈತಿ ಇದು ಅಂತ ತಲಿ ಎತ್ತಾಕ ಹೋದ್ನಿ. "ಅಜ್ಜಾರ, ಅಲುಗಾಡಬ್ಯಾಡ್ರಿ!" ಅಂತ ಸ್ಪೀಕರಿನ್ಯಾಗ ಬೈದ್ಲು. ಸಾಲ್ಯಾಗ ನಾ ಅಂದಿದ್ದೆಲ್ಲಾ ನನಗ ತಿರಿಗಿ ಬಂತು.

ಹೊರಗ ಬಂದು ಕೇಳಿದ್ನಿ: "ತಂಗಿ, ಐದಕ್ಕ ಐದು ಬೀಳ್ತಾವೇನವಾ?"

ಆಕಿ ಗಾಬರಿಯಾದ್ಲು. "ಹಂಗ ಅನಬ್ಯಾಡ್ರಿ ಅಜ್ಜಾರ! ಇದ್ರಾಗ ಮಾರ್ಕ್ಸ್ ಹೆಚ್ಚಾದಷ್ಟೂ ಕ್ಯಾನ್ಸರ್ ಸಂಶಯ ಹೆಚ್ಚು. ಒಂದು ಬಂದ್ರ ಭಾಳ ಚಲೋ."

ಹೆಂಡತಿ ಎದಿ ಬಡಕೊಂಡ್ಲು. "ಅಯ್ಯ ಶಿವನ, ನನ್ನ ಬಾಯಾಗ ಮಣ್ಣ ಬೀಳಲಿ! ಸವದತ್ತಿ ಯಾ ದಿಕ್ಕಿಗೆ ಬರತೈತ್ರಿ?" ಭೂಗೋಳ ಕಲಿಸಿದವ ನಾ, ಅಂದಾಜಿಲೆ ಒಂದು ಗ್ವಾಡಿ ಕಡೆ ಕೈ ತೋರಿಸಿದ್ನಿ. ಅಷ್ಟು ಮಂದಿ ನಡುವ ಸೆರಗ ಒಡ್ಡಿ ನಿಂತ್ಲು: "ಯವ್ವಾ, ತಪ್ಪಾತು. ಐದು ಬ್ಯಾಡ. ಇವರನ್ನ ನಪಾಸು ಮಾಡು ತಾಯಿ." ನನಗ ನಗುನೂ ಬಂತು, ಅಳುನೂ ಬಂತು.

ಮರುದಿನ ನಮ್ಮ ಡಾಕ್ಟರ್ ರಿಪೋರ್ಟ್ ನೋಡಿ "ನಾಲ್ಕು" ಅಂದ್ರು.

"ಎಲ್ಲಿ, ತೋರಸ್ರಿ" ಅಂದ್ನಿ. ಕಂಪ್ಯೂಟರಿನ್ಯಾಗ ಜೋಳದ ಕಾಳಿನಷ್ಟು ಕಪ್ಪು ಚುಕ್ಕಿ. ಬಗ್ಗಿ ಬಗ್ಗಿ ನೋಡಿದ್ನಿ. ಇಷ್ಟು ಸಣ್ಣದಕ್ಕ ಇಷ್ಟು ಅಂಜಿಸೂ ತಾಕತ್ತು ಎಲ್ಲಿಂದ ಬಂತೋ!

"ಸೂಜಿ ಚುಚ್ಚಿ ನೋಡಾಕಬೇಕು" ಅಂದ್ರು ಡಾಕ್ಟರ್. "ಆದ್ರ ಎಲ್ಲಿ ಚುಚ್ಚಬೇಕು ಅಂತ ಈಗ ಗೊತ್ತೈತಿ. ಕ್ಯಾನ್ಸರ್ ಇದ್ರೂ ಗ್ರಂಥಿ ಬಿಟ್ಟು ಹೊರಗ ಹೋದಂಗ ಕಾಣೂದಿಲ್ಲ."

ನಾ ಹೆಂಡತಿ ಮಾರಿ ನೋಡಿದ್ನಿ. ಆಕಿ ನನ್ನ ಕೈ ಹಿಡದು ಸಣ್ಣ ದನಿಲೆ ಅಂದ್ಲು: "ಯಲ್ಲವ್ವನ ಮನಸ್ಸು ದೊಡ್ಡದ್ರಿ. ನಾ ಅಷ್ಟು ತಡಾ ಮಾಡಿ ಹೇಳಿದ್ರೂ ಒಂದು ಮಾರ್ಕ್ ಕಡಿಮಿ ಮಾಡ್ಯಾಳ."