ಬಾಡೂಟಕ್ಕೆ ಕರೆಯುವ ಮನೆ ಹುಡುಕುತ್ತ

ಬೆಳಗಿನ ಆರು ಗಂಟೆ. ಮಧುರೆ ಹೋಬಳಿಯ ಹಳ್ಳಿಯೊಂದರ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದವರ ಸಾಲು. ಪಕ್ಕದಲ್ಲಿ ಬಟ್ಟೆ ಚೀಲ ತಗುಲಿಸಿಕೊಂಡು ನಿಂತ ಮುನಿಲಕ್ಷ್ಮಮ್ಮ ಒಬ್ಬೊಬ್ಬರನ್ನೂ ಕೇಳುವುದು ಒಂದೇ ಪ್ರಶ್ನೆ: "ನಿಮ್ಮನೆ ಬಾಡೂಟಕ್ಕೆ ಆನಂದನ್ನ ಕರೀತೀರಾ?"

"ಕೇಬಲ್ ಕಳ್ಳಂಗೆ ಬಾಡೂಟ ಒಂದು ಕೇಡು!" ಎಂದು ಒಬ್ಬರು ಸಿಡುಕುತ್ತಾರೆ. ಅದನ್ನೂ ಈಕೆ ಬರೆದುಕೊಳ್ಳುತ್ತಾರೆ.

ಐವತ್ತೆರಡರ ಮುನಿಲಕ್ಷ್ಮಮ್ಮ ಪರಿವೀಕ್ಷಣಾಧಿಕಾರಿಯ, ಅಂದರೆ ಪ್ರೊಬೇಷನ್ ಆಫೀಸರ್ ಕೈಕೆಳಗೆ ಗುತ್ತಿಗೆ ನೌಕರಿಯಲ್ಲಿದ್ದಾರೆ. ಮೊದಲ ಸಲ ತಪ್ಪು ಮಾಡಿದವರನ್ನು ಜೈಲಿಗೆ ಹಾಕಬೇಕೋ, ಬುದ್ಧಿ ಹೇಳಿ ನಿಗಾದಲ್ಲಿ ಮನೆಗೆ ಕಳಿಸಬೇಕೋ ಎಂದು ತೀರ್ಮಾನಿಸುವ ಮುನ್ನ ನ್ಯಾಯಾಲಯ ಒಂದು ವರದಿ ಕೇಳುತ್ತದೆ. ಅದಕ್ಕಾಗಿ ಊರೂರು ಅಲೆಯುವವರು ಇವರು. ತಿಂಗಳಿಗೆ ಒಂಬತ್ತು ಹತ್ತು ವರದಿ, ಒಂದೊಂದಕ್ಕೂ ಇಪ್ಪತ್ತು ಮನೆ. ಹದಿನಾಲ್ಕು ವರ್ಷಗಳಲ್ಲಿ ಚಪ್ಪಲಿ ಎಷ್ಟು ಸವೆದವೋ, ಅದನ್ನು ಮಾತ್ರ ಎಲ್ಲೂ ಬರೆದಿಟ್ಟಿಲ್ಲ.

ಮನುಷ್ಯ ಯಾಕೆ ಕಳ್ಳನಾಗುತ್ತಾನೆ ಎಂಬುದಕ್ಕೆ ದಪ್ಪ ದಪ್ಪ ಪುಸ್ತಕಗಳಿವೆ. ಬಡತನ, ಸಹವಾಸ, ಕೈಗೆಟುಕದ ಆಸೆ. "ಅವೆಲ್ಲಾ ನಿಜಾನೇ. ಆದ್ರೆ ಅದೇ ಬಡತನದಲ್ಲಿ ಅವನ ಅಣ್ಣ ಕದೀಲಿಲ್ವಲ್ಲ? ಊರು ಯಾರನ್ನ ಹೊರಗಿಡ್ತೋ ಅವನಿಗೆ ಊರಿನ ಹೆದ್ರಿಕೆ ಇರಲ್ಲ. ಊಟಕ್ಕೆ ಕರೆಯೋ ಒಂದು ಮನೆ ಇದ್ರೂ ಸಾಕು, ಅವನು ಊರೊಳಗೇ ಇರ್ತಾನೆ," ಎನ್ನುತ್ತಾರೆ ಅವರು.

ಇದನ್ನು ಕಲಿತದ್ದು ತಪ್ಪು ಮಾಡಿ. ಆರಂಭದಲ್ಲೊಮ್ಮೆ ಅರಳಿಕಟ್ಟೆಯ ಹಿರಿಯರನ್ನಷ್ಟೇ ಕೇಳಿ, ಬೈಕ್ ಕದ್ದವನೊಬ್ಬನ ಬಗ್ಗೆ 'ನಡತೆ ಸರಿಯಿಲ್ಲ' ಎಂದು ಬರೆದುಬಿಟ್ಟರು. ಅವನು ಜೈಲಿಗೆ ಹೋದ, ಬೀಗ ಒಡೆಯುವುದನ್ನು ಕಲಿತು ಬಂದ. "ಆ ಇಸ್ಕೂಲಿಗೆ ಸೇರಿಸ್ದೋಳು ನಾನೇ," ಎನ್ನುವಾಗ ದನಿ ಇಳಿಯುತ್ತದೆ. ಅಂದಿನಿಂದ ಇಪ್ಪತ್ತು ಮನೆ ಸುತ್ತದೆ ಒಂದು ವರದಿಯನ್ನೂ ಕೊಟ್ಟಿಲ್ಲ.

ಇಪ್ಪತ್ತನಾಲ್ಕರ ಆನಂದ್ ಬೋರ್‌ವೆಲ್ ಮೋಟರಿನ ಕೇಬಲ್ ಕತ್ತರಿಸಿ, ತಾಮ್ರ ಮಾರಿ ಸಿಕ್ಕಿಬಿದ್ದಿದ್ದಾನೆ. ಅಪ್ಪ ಜಮೀನನ್ನು ಲೇಔಟ್‌ಗೆ ಮಾರಿದ್ದ; ನೆಲಮಂಗಲದ ಗೋದಾಮಿನಲ್ಲಿ ಇವನಿಗಿದ್ದ ಕೆಲಸವೂ ಹೋದ ಮೇಲೆ ಊರು ಅವನನ್ನು ಮಾತಾಡಿಸುವುದನ್ನೇ ಬಿಟ್ಟಿತ್ತು. ವರದಿ ಸೋಮವಾರ ಕೊಡಬೇಕು. ಹತ್ತೊಂಬತ್ತು ಮನೆ ಮುಗಿದಿವೆ, ಎಲ್ಲರದೂ 'ಇಲ್ಲ'. ಇಪ್ಪತ್ತನೆಯದೂ ಹಾಗೇ ಆದರೆ ಅವನನ್ನು ಊರಿಗೆ ಕಳಿಸಿ ಎಂದು ಯಾವ ಬಾಯಲ್ಲಿ ಬರೆಯುವುದು?

ಕೊನೆಯದು ಯಾವಾಗಲೂ ಕಳೆದುಕೊಂಡವರ ಮನೆ. ಕೇಬಲ್ ಕಳೆದುಕೊಂಡ ರಾಮಾಂಜಿನಪ್ಪ ಪ್ರಶ್ನೆ ಕೇಳಿದ್ದೇ ಮುಖ ತಿರುಗಿಸುತ್ತಾರೆ. ಒಳಗಿನಿಂದ ಹೆಂಡತಿ ಮುನಿತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬರುತ್ತಾರೆ.

"ಹೋದ್ಸಲ ಮೊಮ್ಮಗಳ ಮುಡಿ ತೆಗೆಸ್ದಾಗ ಬಾಡೂಟಕ್ಕೆ ಊರಿಗೆಲ್ಲಾ ಹೇಳಿದ್ವಿ, ಆನಂದನ ಮನೆಗೆ ಮಾತ್ರ ಹೇಳ್ಲಿಲ್ಲ ಕಣಕ್ಕಾ. ಅವತ್ತು ಅವನು ಅವರ ಮನೆ ಬಾಗ್ಲಲ್ಲಿ ನಿಂತು ನೋಡ್ತಿದ್ದ. ಬರ್ಕೊಳಕ್ಕಾ, ಈ ಸಲ ಬಾಡೂಟ ಮಾಡ್ದಾಗ ಅವನನ್ನ ಕರೀತೀವಿ."

"ಕೇಬಲ್ಲು?" ಎನ್ನುತ್ತಾರೆ ಗಂಡ.

"ಹೊಸದು ಎಳೆಯೋಕೂ ಅವನೇ ಬರ್ಲಿ."

ಮುನಿಲಕ್ಷ್ಮಮ್ಮ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಬಸ್ಸಿಗೆ ಕಾಯುವಾಗ ಮಾತ್ರ ನಗುತ್ತಾರೆ. "ಆ ಊಟಕ್ಕೆ ನನ್ನೂ ಕರೆದ್ರೆ ಸಾಕು. ಅವನ ಕೈಲಿ ಬಡಿಸ್ಕೊಂಡು ಒಂದು ಮುದ್ದೆ ತಿಂದು ಬರ್ತೀನಿ."