ಹನ್ನೆರಡನೆಯ ಸಾಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದಾಗ ನಕ್ಕವನು ನಾನು. ಕಂಪ್ಯೂಟರ್ ನಾವು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತದೆ, ಉತ್ತರ ತಪ್ಪಾದರೆ ತಪ್ಪು ಕೇಳಿದವನದು ಎಂದು ವಾದಿಸುತ್ತಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬುತ್ತೇನೆ. ಆ ಒಂದು ಮಧ್ಯಾಹ್ನವನ್ನು ಮಾತ್ರ ಏನೆಂದು ಕರೆಯಬೇಕೋ ತಿಳಿಯದು.

ಕೆಲವು ವರ್ಷಗಳ ಹಿಂದೆ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನಿದ್ದ ಗಾಂಧಿಪುರಂನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಯಾವ ಕಂಪ್ಯೂಟರಿನಲ್ಲಿ ಎಷ್ಟು ಮೆಮೊರಿ, ಡಿಸ್ಕಿನಲ್ಲಿ ಎಷ್ಟು ಜಾಗ, ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದನ್ನೆಲ್ಲ ನನ್ನ ಮೇಜಿನಿಂದಲೇ ತಿಳಿಯಲು ಒಂದು ಸ್ಕ್ರಿಪ್ಟ್, ಅಂದರೆ ಚಿಕ್ಕ ಪ್ರೋಗ್ರಾಂ, ಬರೆಯುತ್ತಿದ್ದೆ. ಆಫೀಸಿನಲ್ಲಿದ್ದದ್ದು ಹನ್ನೊಂದು ಕಂಪ್ಯೂಟರ್, ಒಂದೊಂದಕ್ಕೂ ಒಂದು ಸಾಲು ಬರಬೇಕು. ಎಲ್ಲರೂ ಊಟಕ್ಕೆ ಹೋಗಿದ್ದಾಗ ಓಡಿಸಿ ನೋಡಿದರೆ ಹನ್ನೆರಡು ಸಾಲು ಬಂದವು.

ಹನ್ನೆರಡನೆಯ ಹೆಸರು ಮಹಡಿಯ ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ಡೆಸ್ಕ್‌ಟಾಪಿನದು. ಕೆಟ್ಟಿದ್ದರಿಂದ ಅದರ ಡಿಸ್ಕನ್ನು ನಾನೇ ಬಿಚ್ಚಿ ತೆಗೆದಿದ್ದೆ. ಆನ್ ಆಗಿ ನಲವತ್ತು ನಿಮಿಷ ಎಂದಿತ್ತು. ಇನ್ನೊಮ್ಮೆ ಓಡಿಸಿದೆ. ನಲವತ್ತೊಂದು.

ಮೆಟ್ಟಿಲು ಹತ್ತಿ ಹೋದೆ. ಬಟ್ಟೆಯ ಮೂಟೆಗಳ ನಡುವೆ ರುಕ್ಮಿಣಿ ಅಕ್ಕ ಬಿದ್ದಿದ್ದರು. ಸ್ಯಾಂಪಲ್ ವಿಭಾಗದವರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಮಾತಾಡುವ ನೇಕಾರರ ಕುಟುಂಬ. ಆ ಕಂಪನಿಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಮೈಯೆಲ್ಲ ಬೆವರು, ಕರೆದರೆ ಓಗೊಡಲಿಲ್ಲ. ಕೆಳಗೆ ಊಟಕ್ಕೆ ಕೂತಿದ್ದವರನ್ನು ಕೂಗಿ ಕರೆದು, ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಸಕ್ಕರೆ ತೀರಾ ಇಳಿದಿತ್ತು. ತಡವಾಗಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರು. ನಾನು ಹತ್ತಿ ಹೋದಾಗ ಅಕ್ಕ ಗೋದಾಮಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತೆಂದು ಆಮೇಲೆ ಗೊತ್ತಾಯಿತು.

ಮರುದಿನ ಗೋದಾಮಿಗೆ ಹೋಗಿ ನೋಡಿದೆ. ಡೆಸ್ಕ್‌ಟಾಪ್ ಮೂಲೆಯಲ್ಲಿತ್ತು, ಮೇಲೆ ಯಾರೂ ಮುಟ್ಟಿರದ ಧೂಳು. ಕರೆಂಟ್ ವೈರೂ ಇಲ್ಲ, ನೆಟ್‌ವರ್ಕ್ ಕೇಬಲ್ಲೂ ಇಲ್ಲ. ಸ್ಕ್ರಿಪ್ಟ್ ಓಡಿಸಿದರೆ ಹನ್ನೊಂದೇ ಸಾಲು. ಹಳೆಯ ಹೆಸರು ಎಲ್ಲೋ ಉಳಿದುಕೊಂಡಿರಬಹುದು ಎಂದು ಹುಡುಕಿದೆ. ಹೆಸರಿಗೆ ಹಾಗೊಂದು ಕಾರಣ ಹೇಳಬಹುದಿತ್ತು. ಏರುತ್ತಿದ್ದ ನಿಮಿಷಗಳಿಗೆ ಏನು ಹೇಳಲಿ?

ಆಸ್ಪತ್ರೆಯಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದರು, "ಅದ್ರಲ್ಲಿ ನನ್ನ ಹೆಸ್ರು ಬಂದಿತ್ತಾ ತಂಬಿ?"

"ಇಲ್ಲ ಅಕ್ಕ. ಕಂಪ್ಯೂಟರ್ ಹೆಸ್ರು ಮಾತ್ರ."

"ಅದು ಕೆಟ್ಟು ಬಿದ್ದಿರೋದು ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಅಪ್ಪುರಂ, ಮತ್ಯಾಕೆ ಮೇಲೆ ಹತ್ತಿ ಬಂದೆ?"

ಸ್ಕ್ರಿಪ್ಟಿನಲ್ಲಿ ತಪ್ಪಿದೆ ಎಂದು ಕುರ್ಚಿಯಲ್ಲೇ ಕೂತು ತಿದ್ದಬೇಕಾಗಿದ್ದವನು ನಾನು. ಯಾಕೆ ಹತ್ತಿದೆನೆಂದು ಇಂದಿಗೂ ಯೋಚಿಸುತ್ತೇನೆ.